ತಾತನ ಮನೆಯ ಇಟ್ಟಿಗೆ, ಕಾರಿನ ದಾರಿಗೆ

ಮೈಸೂರಿನಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯ ಹಿತ್ತಿಲಗೋಡೆಯನ್ನು ಕೆಡವಿಸಬೇಕಾಗಿ ಬಂದಾಗ, ಅದರ ಇಟ್ಟಿಗೆಗಳನ್ನೇ ಗೇಟಿನಿಂದ ಕಾರ್ ಶೆಡ್ಡಿನವರೆಗೆ ಹಾಸಬೇಕೆಂದು ನಿರ್ಧರಿಸಿದೆ. ಗೋಡೆ ಸುಣ್ಣದ ಗಾರೆಯದಾಗಿದ್ದರಿಂದ, ಕರಣೆಯ ಅಂಚಿನಿಂದ ಕೆರೆದರೆ ಸಾಕು, ಗಾರೆ ಪುಡಿಯಾಗಿ ಉದುರಿ ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತಿತ್ತು. ಮುಂದೆ ಯಾವಾಗಲೋ ಸಿಮೆಂಟು ಹಾಕಿ ರಿಪೇರಿ ಮಾಡಿದ್ದ ಒಂದು ಮೂಲೆಯಲ್ಲಿ ಮಾತ್ರ ಗಾರೆ ಬಿಡಲಿಲ್ಲ, ಇಟ್ಟಿಗೆಯೇ ಒಡೆಯಿತು.

ಗೋಡೆಯಲ್ಲಿ ನಿಂತ ಇಟ್ಟಿಗೆಯೆಲ್ಲ ನೆಲದಲ್ಲಿ ಬಾಳುವುದಿಲ್ಲ. ಎರಡನ್ನು ಒಂದಕ್ಕೊಂದು ತಟ್ಟಿದಾಗ ಖಣ್ ಎಂದವನ್ನು ಉಳಿಸಿಕೊಂಡು, ಮಂಕಾಗಿ ಸದ್ದು ಮಾಡಿದವನ್ನೂ ಉಗುರಿಗೆ ಗೀರು ಬಿದ್ದವನ್ನೂ ಗಿಡದ ಪಾತಿಗೆ ಬಿಟ್ಟೆ. ಅನುಮಾನವಿದ್ದವನ್ನು ಒಣಗಿದ್ದಾಗ ಒಮ್ಮೆ, 24 ಗಂಟೆ ನೀರಿನಲ್ಲಿ ನೆನೆದ ಮೇಲೆ ಒಮ್ಮೆ ತೂಗಿ ನೋಡಿದೆ, 3 ಕೆ.ಜಿ. ಇಟ್ಟಿಗೆ 600 ಗ್ರಾಂಗಿಂತ ಹೆಚ್ಚು ನೀರು ಕುಡಿದರೆ, ಅಂದರೆ ಶೇ. 20 ಮೀರಿದರೆ, ಅದನ್ನು ಚಕ್ರದ ಕೆಳಗೆ ಹಾಕಬಾರದು.

ತಳಕ್ಕೆ 6 ಅಂಗುಲ ಜಲ್ಲಿಯನ್ನು ಎರಡು ಪದರಗಳಲ್ಲಿ ದಿಮ್ಮಸು ಹೊಡೆಸಿ, ನೀರು ಹರಿಯಲು 5 ಅಡಿಗೆ 1 ಅಂಗುಲ ವಾಟ ಕೊಟ್ಟು, ಮೇಲೆ 1 ಅಂಗುಲ ಒರಟು ಮರಳು ಹರಡಿಸಿದೆ. ಜಲ್ಲಿಯ ತಗ್ಗನ್ನು ಮರಳಿನಿಂದ ಮುಚ್ಚುವುದು ಸುಲಭ, ಆದರೆ ಕಾರು ಓಡಾಡಿದಂತೆ ಅದೇ ಜಾಗ ಮೊದಲು ಕುಸಿಯುತ್ತದೆ. ಎರಡೂ ಬದಿಗೆ ಸೈಜುಗಲ್ಲನ್ನು ಕಾಂಕ್ರೀಟಿನಲ್ಲಿ ಕೂರಿಸಿದ್ದಾಯಿತು. ಇಟ್ಟಿಗೆಯ ಅಚ್ಚಿನ ಗುಳಿ ಮೇಲೆ ಕಾಣದಂತೆಯೂ ಭಾರ ತಡೆಯುವಂತೆಯೂ ಅಡ್ಡ ಮಲಗಿಸದೆ ಮಗ್ಗುಲಾಗಿ ನಿಲ್ಲಿಸಿ, ಮೀನಿನ ಮುಳ್ಳಿನ ಹಾಗೆ ಹೆಣೆದೆವು. ಚಕ್ರ ತಿರುಗುವಾಗ ಇಟ್ಟಿಗೆಗಳು ಜರುಗದಂತೆ ಈ ಹೆಣಿಗೆ ಹಿಡಿದಿಡುತ್ತದೆ. ಹೀಗೆ ನಿಲ್ಲಿಸಿದರೆ ಚದರ ಅಡಿಗೆ ಸುಮಾರು 5 ಇಟ್ಟಿಗೆ ಬೇಕು.

ಸಂದು ತುಂಬುವ ಮಾತು ಬಂದಾಗಲೇ ಮೇಸ್ತ್ರಿಗೂ ನನಗೂ ಒಮ್ಮತವಾಗಲಿಲ್ಲ. “ಸಿಮೆಂಟು ಹಾಲು ಸುರಿದುಬಿಡೋಣ ಸಾರ್, ಹುಲ್ಲು ಬೆಳೆಯಲ್ಲ” ಎಂದರು. ಗೇಟಿನ ಬಳಿ ಎರಡು ಅಡಿ ಅಗಲಕ್ಕೆ ಹಿಂದೊಮ್ಮೆ ಹಾಗೆಯೇ ಮಾಡಿಸಿದ್ದೆ. ಅಲ್ಲಿ ಸಂದು ಕಲ್ಲಿನಂತೆ ಬಿಗಿದು, ನೀರು ಇಟ್ಟಿಗೆಯ ಮೈಯಿಂದಲೇ ಆರಬೇಕಾಗಿ, ಬಿಳಿ ಉಪ್ಪು ಮೂಡಿ, ಎರಡು ಮಳೆಗಾಲದಲ್ಲಿ ಇಟ್ಟಿಗೆಯ ಅಂಚು ಹೊಪ್ಪಳೆ ಹೊಪ್ಪಳೆಯಾಗಿ ಎದ್ದಿತ್ತು. ಸಂದು ಇಟ್ಟಿಗೆಗಿಂತ ಗಟ್ಟಿಯಾಗಕೂಡದು ಎಂಬುದನ್ನು ಸುಣ್ಣದ ಗೋಡೆ ಕಟ್ಟಿದ ಹಿರಿಯರು ಅರಿತಿದ್ದರು. ಮೇಸ್ತ್ರಿಗೆ ಗೇಟಿನ ಬಳಿಯ ಆ ತುಂಡನ್ನೇ ತೋರಿಸಿದೆ.

ಹಳೆಯ ಇಟ್ಟಿಗೆಗಳ ಅಳತೆ ಒಂದೇ ಇರದ ಕಾರಣ ಸಂದು ಕೆಲವೆಡೆ 5 ಮಿ.ಮೀ., ಕೆಲವೆಡೆ 10 ಮಿ.ಮೀ. ಬಂತು. ಜರಡಿ ಹಿಡಿದು ಬಿಸಿಲಿಗೆ ಹರವಿದ ಒಣ ಮರಳನ್ನು ಪೊರಕೆಯಿಂದ ಓರೆಯಾಗಿ ಗುಡಿಸಿ, ಮರದ ಹಲಗೆಯ ಮೇಲೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಮತ್ತೆ ಗುಡಿಸಿದೆವು. ಮೊದಲ ಮಳೆಗೆ ಮರಳು ಅರ್ಧ ಅಂಗುಲ ಇಳಿಯಿತು. ಬಿಸಿಲು ಬಂದ ಮೇಲೆ ಇನ್ನೆರಡು ಬಾಂಡ್ಲಿ ಮರಳನ್ನು ನಾನೇ ಗುಡಿಸಿ ತುಂಬಿದೆ.