ಡಕೋಟಾದ ಕಿಟಕಿಯಲ್ಲಿ ಹಿಂಡಲಗಾ

ಡಕೋಟಾ ವಿಮಾನದಲ್ಲಿ ಕೂರಬೇಕಾದರೆ ಏರು ಹತ್ತಬೇಕಿತ್ತು. ಅದಕ್ಕೆ ಮುಂದೆ ಎರಡು ದೊಡ್ಡ ಗಾಲಿ, ಬಾಲದಡಿ ಒಂದು ಪುಟ್ಟ ಗಾಲಿ. ನೆಲದ ಮೇಲೆ ನಿಂತಾಗ ಮೂಗು ಮೇಲೆ, ಬಾಲ ಕೆಳಗೆ. ಬಾಗಿಲು ಇದ್ದದ್ದು ಹಿಂಬದಿಯಲ್ಲಿ. ಒಳಗೆ ಕಾಲಿಟ್ಟರೆ ನಮ್ಮ ತೋಟದಿಂದ ಮನೆಗೆ ಬರುವ ದಾರಿಯಂತೆ ನೆಲವೇ ಎದುರಿಗೆ ಏರಿಕೊಂಡು ಹೋಗಿತ್ತು. 1967ರ ಏಪ್ರಿಲ್‌ನಲ್ಲಿ, ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ, ಅಜ್ಜ ನನ್ನ ಹೆಗಲ ಮೇಲೆ ಕೈಯಿಟ್ಟು ಆ ಏರನ್ನು ಒಂದೊಂದೇ ಹೆಜ್ಜೆ ಹತ್ತಿದರು. ನನಗೆ ಆಗ ಹತ್ತು ವರ್ಷ. ಅಜ್ಜನಿಗೆ ಐವತ್ತೊಂಬತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಮುಂಬಯಿಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಎಂದು ಗೊತ್ತಾಗಿತ್ತು. ಚಿಕ್ಕಪ್ಪ ಸಾಂತಾಕ್ರೂಜ್‌ನಲ್ಲಿ ವಿಮಾನಗಳ ಎಂಜಿನ್ ರಿಪೇರಿಯ ಕೆಲಸದಲ್ಲಿದ್ದರು. ಅವರಿಗೆ ಸಿಗುತ್ತಿದ್ದ ರಿಯಾಯಿತಿಯಲ್ಲಿ ಅಜ್ಜನಿಗೆ ಒಂದು ಟಿಕೆಟ್, ನನಗೆ ಅರ್ಧ ಟಿಕೆಟ್ ಬಂತು. ಶಾಲೆಗೆ ಬೇಸಿಗೆ ರಜೆ. ಕಣ್ಣು ಕಾಣದವರ ಜೊತೆಗೆ ಕಣ್ಣು ಕಾಣುವವನೊಬ್ಬ ಇರಲಿ ಎಂದು ಅಜ್ಜಿ ನನ್ನನ್ನು ಕಳುಹಿಸಿದರು. ಸಿದ್ದಾಪುರದ ಕಡೆಯ ನಮ್ಮ ಹಳ್ಳಿಯಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಬೆಳಗಾವಿಗೆ ಇನ್ನೊಂದು. ನಿಲ್ದಾಣದಲ್ಲಿ ಚೀಲ ತೂಗಿದ ಮೇಲೆ ನಮ್ಮನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು. ಅಡಿಕೆ ಮೂಟೆ ತೂಗುವುದನ್ನಷ್ಟೇ ನೋಡಿದ್ದ ನನಗೆ ಅದು ದೊಡ್ಡ ಬೆರಗು.

ಒಳಗೆ ಗಗನಸಖಿ ಒಂದು ತಟ್ಟೆ ಹಿಡಿದು ಬಂದರು. ಅದರಲ್ಲಿ ಪೆಪ್ಪರ್‌ಮೆಂಟು ಮತ್ತು ಹತ್ತಿ. ಪೆಪ್ಪರ್‌ಮೆಂಟು ಚೀಪುತ್ತಿದ್ದರೆ ಕಿವಿ ಕಟ್ಟುವುದಿಲ್ಲ, ಹತ್ತಿ ತುರುಕಿಕೊಂಡರೆ ಎಂಜಿನ್‌ನ ಸದ್ದು ತಗ್ಗುತ್ತದೆ ಎಂದು ಹೇಳಿದರು. ಡಕೋಟಾದೊಳಗೆ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಅದು ತೀರಾ ಎತ್ತರಕ್ಕೆ ಹೋಗುತ್ತಲೂ ಇರಲಿಲ್ಲ. ಬಲಬದಿಯ ಎಂಜಿನ್ ಮೊದಲು ತಿರುಗಿತು. ಕೆಮ್ಮಿತು, ನೀಲಿ ಹೊಗೆ ಉಗುಳಿತು, ಮತ್ತೆ ಕೆಮ್ಮಿ ಒಂದೇ ಸಮ ಗುಡುಗತೊಡಗಿತು. ಆಮೇಲೆ ಎಡಬದಿಯದು. ಸುಟ್ಟ ಎಣ್ಣೆಯ ವಾಸನೆ ಒಳಗೂ ಬಂತು. ಓಡತೊಡಗಿ ಸ್ವಲ್ಪ ಹೊತ್ತಿಗೆ ಬಾಲ ಮೇಲೆದ್ದು, ಇನ್ನೂ ನೆಲದ ಮೇಲಿರುವಾಗಲೇ, ಏರಾಗಿದ್ದ ನೆಲ ಸಮತಟ್ಟಾಯಿತು. ಮನೆಯೊಂದು ತನ್ನಷ್ಟಕ್ಕೆ ತಾನು ನೇರವಾಗಿ ಕುಳಿತುಕೊಂಡ ಹಾಗೆ. ಆಮೇಲೆ ಗಾಲಿಗಳ ಗಡಗಡ ನಿಂತಿತು.

ಆಗ ಅಜ್ಜ ನನ್ನ ಕಿವಿಯ ಹತ್ತಿಯನ್ನು ತಾವೇ ತೆಗೆದರು. “ತಮ್ಮಾ, ಕೆಳಗೆ ನೋಡು. ಮೊದಲು ಕೋಟೆ ಬರುತ್ತದೆ, ಸುತ್ತ ಕಂದಕ ಇರುತ್ತದೆ. ಅದು ದಾಟಿದ ಮೇಲೆ ಊರು. ಊರಾಚೆ ಎತ್ತರದ ಗೋಡೆ. ಹಿಂಡಲಗಾ ಜೈಲು ಅದು. ಕಾಣುತ್ತದೆಯೇ ನೋಡು.”

ಕರ ಕೊಡದೆ ಜೈಲಿಗೆ ಹೋದವರು ಎಂದರೆ ಈಗಿನವರಿಗೆ ಕಳ್ಳಲೆಕ್ಕ ಬರೆದು ಸಿಕ್ಕಿಬಿದ್ದವರು ಕಣ್ಣ ಮುಂದೆ ಬರುತ್ತಾರೆ. ನನ್ನ ಅಜ್ಜ ಜೈಲಿಗೆ ಹೋದದ್ದು ಕರನಿರಾಕರಣೆಯಲ್ಲಿ. ಆ ಪದವನ್ನು ನಮ್ಮ ಜಿಲ್ಲೆಯ ಹಳೆಯ ಮನೆಗಳಲ್ಲಿ ಈಗಲೂ ಒಂದು ಗೌರವದಿಂದ ಆಡುತ್ತಾರೆ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪು ಮಾಡಿ ಕಾಯ್ದೆ ಮುರಿದಿದ್ದರು. ಅದರ ಬೆನ್ನಿಗೇ ಜಗತ್ತಿನ ಆರ್ಥಿಕ ಕುಸಿತದ ಬಿಸಿ ಘಟ್ಟದ ಮೇಲಿನ ಅಡಿಕೆ ತೋಟಕ್ಕೂ ಕೆಳಗಿನ ಭತ್ತದ ಗದ್ದೆಗೂ ತಟ್ಟಿತು. ಬೆಳೆಗೆ ಬೆಲೆಯಿಲ್ಲ, ಕಂದಾಯ ಮಾತ್ರ ಇದ್ದಷ್ಟೇ ಇದೆ. ಕಂದಾಯದಲ್ಲಿ ರಿಯಾಯಿತಿ ಕೊಡಿ ಎಂದು ಕೇಳಿದರು, ಕೊಡಲಿಲ್ಲ. ಸಿದ್ದಾಪುರ, ಅಂಕೋಲೆ ತಾಲ್ಲೂಕುಗಳ ರೈತರು ಕೊಡುವುದಿಲ್ಲ ಎಂದು ನಿಂತುಬಿಟ್ಟರು. ಕರನಿರಾಕರಣೆಗೆ ಹೆಸರಾದದ್ದು ಗುಜರಾತಿನ ಬಾರ್ಡೋಲಿ. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ.

1932ರ ಜನವರಿ 4ರಂದು ಗಾಂಧೀಜಿಯವರನ್ನು ಹಿಡಿದರು. ಅದೇ ದಿನ ಸುಗ್ರೀವಾಜ್ಞೆಗಳು ಹೊರಬಿದ್ದವು. ಕಂದಾಯ ಕೊಡಬೇಡಿ ಎಂದು ಇನ್ನೊಬ್ಬರಿಗೆ ಹೇಳುವುದೂ ಅಪರಾಧ ಎಂದು ಅದರಲ್ಲೊಂದು ಹೇಳಿತು. ನಮ್ಮ ಮನೆಯಲ್ಲಿ ಎರಡು ಶಿಕ್ಷೆ ಬೇರೆ ಬೇರೆಯಾಗಿ ಬಂದವು. ಕೊಡದಿದ್ದುದಕ್ಕೆ ತೋಟ, ಗದ್ದೆ ಜಪ್ತಿ. ಕೊಡಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದ್ದಕ್ಕೆ ಅಜ್ಜನಿಗೆ ಒಂದು ವರ್ಷ ಸಶ್ರಮ ಶಿಕ್ಷೆ. ಮಾಮ್ಲೇದಾರರ ಕಡೆಯವರು ಬಂದು ಬಚ್ಚಲಿನ ತಾಮ್ರದ ಹಂಡೆ ಕಿತ್ತರು, ಹಾಲು ಕೊಡುವ ಎಮ್ಮೆಯನ್ನು ಹೊಡೆದುಕೊಂಡು ಹೋದರು. ಹಂಡೆ ಕಿತ್ತ ಜಾಗದಲ್ಲಿ ಒಲೆಯ ಬಾಯಿ ದೊಡ್ಡದಾಗಿ ಬಿದ್ದಿತ್ತು, ಆ ವರ್ಷದ ಮಳೆಗಾಲವೆಲ್ಲ ಮಕ್ಕಳಿಗೆ ತಣ್ಣೀರ ಸ್ನಾನ ಎಂದು ಅಜ್ಜಿ ಹೇಳುತ್ತಿದ್ದರು.

ಅಜ್ಜಿಯೂ ಸುಮ್ಮನೆ ಕೂರಲಿಲ್ಲ. ಹರಾಜಿನಲ್ಲಿ ಜಪ್ತಿಯ ಆಸ್ತಿ ಕೊಂಡವರ ಮನೆಯ ಮುಂದೆ ಸಿದ್ದಾಪುರ ತಾಲ್ಲೂಕಿನ ಹೆಂಗಸರು ಉಪವಾಸ ಕುಳಿತರು. ಮಾವಿನಗುಂಡಿಯಲ್ಲಿ ಅವರ ನೆನಪಿಗೆ ಸ್ಮಾರಕವಿದೆ. ಜೋಗಕ್ಕೆ ಹೋಗುವವರು ಹತ್ತು ನಿಮಿಷ ಅಲ್ಲಿ ಇಳಿಯಬೇಕು ಎಂದು ನನ್ನ ಆಸೆ. “ಬೈಯಲಿಲ್ಲ, ಕೂಗಲಿಲ್ಲ. ಅವರ ಅಂಗಳದಲ್ಲಿ ಕುಳಿತೆವು, ಅಷ್ಟೇ. ಅವರ ಮನೆಯ ಹೆಂಗಸರು ಒಳಗೆ ಅಳುವುದು ನಮಗೆ ಕೇಳುತ್ತಿತ್ತು” ಎಂದು ಅಜ್ಜಿ ಒಮ್ಮೆ ಹೇಳಿದ್ದರು.

ಅಜ್ಜ ಜೈಲಿನ ಬಗ್ಗೆ ಹೇಳುತ್ತಿದ್ದುದು ಕಡಿಮೆ. ಅನ್ನ ಉಂಡು ಬೆಳೆದವರಿಗೆ ಮರಳು ಬೆರೆತ ಜೋಳದ ರೊಟ್ಟಿ, ದಿನವೂ ಬೀಸುವ ಕಲ್ಲು, ಇಷ್ಟು ಹೇಳಿ ನಿಲ್ಲಿಸುತ್ತಿದ್ದರು. ಬಾವಿಯ ವಿಷಯ ಬಂದರೆ ಮಾತ್ರ ಮಾತು ಬೆಳೆಯುತ್ತಿತ್ತು. ಕೆಲವು ತಿಂಗಳು ಅವರನ್ನು ನೀರು ಸೇದುವ ಕೆಲಸಕ್ಕೆ ಹಾಕಿದ್ದರಂತೆ. ಜೊತೆಗೆ ಅಂಕೋಲೆಯ ಕಡೆಯ ರೈತರೊಬ್ಬರು. ಒಂದೇ ಹಗ್ಗಕ್ಕೆ ಇಬ್ಬರ ಕೈ. ಸಮುದ್ರದ ನೀರು ಬಂದು ಹೋಗುವ ಗಜನಿ ಗದ್ದೆಯವರು ಅವರು. ಸಿಹಿನೀರು ಇಷ್ಟು ಸೇದಿದ್ದು ಜನ್ಮದಲ್ಲಿ ಇದೇ ಮೊದಲು ಎನ್ನುತ್ತಿದ್ದರಂತೆ. ಜೈಲಿನಲ್ಲೇ ಹಿಡಿದ ಜ್ವರ ಬಿಡದೆ, ಹೊರಗೆ ಬಂದ ವರ್ಷವೇ ಅವರು ತೀರಿಕೊಂಡರು. ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಸರ್ಕಾರ ಬಂದು, 1938ರಲ್ಲಿ ಕಾಯ್ದೆ ಮಾಡಿ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವಾಗ ನಮ್ಮ ತೋಟ ಅಜ್ಜನ ಕೈಗೆ ಬಂತು. ಅಂಕೋಲೆಯವರ ಗದ್ದೆ ಅವರ ಮಕ್ಕಳ ಕೈಗೆ ಬಂತು. ಅದನ್ನು ಹೇಳುವಾಗ ಅಜ್ಜ ಯಾವಾಗಲೂ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ವಿಮಾನ ಬೆಳಗಾವಿಯ ಮೇಲೆ ಬಂತು. ಕೋಟೆ ಕಂಡಿತು, ಕಂದಕವೂ ಕಂಡಿತು. ಹೆಂಚಿನ ಮನೆಗಳು, ಕೆಂಪು ರಸ್ತೆ, ದಂಡಿನ ಪ್ರದೇಶದ ಮರಗಳು ಕಂಡವು. ಅಜ್ಜ ಕಿಟಕಿಯ ಗಾಜಿಗೆ ಹಣೆ ಒತ್ತಿದ್ದರು. ಅವರಿಗೆ ಕಾಣುತ್ತಿದ್ದುದು ಬೆಳಕು ಮತ್ತು ಮಬ್ಬು ಮಾತ್ರ. “ಬಂತೇ?” ಎಂದರು. ಊರು ಮುಗಿಯುವಲ್ಲಿ ಉದ್ದದ ಗೋಡೆಯೊಂದು ನಿಜವಾಗಿಯೂ ಬಂತು. ಬೆಂಕಿಪೆಟ್ಟಿಗೆಗಳನ್ನು ಜೋಡಿಸಿಟ್ಟಂತೆ ಒಳಗೆ ಕಟ್ಟಡಗಳು. “ಗೋಡೆ ಕಾಣುತ್ತದೆ ಅಜ್ಜ” ಎಂದೆ.

“ಬಾವಿ?”

ಬೇಸಿಗೆಯ ಧೂಳು, ಮರಗಳ ನೆರಳು. ರೆಕ್ಕೆ ಬೇರೆ ಅಡ್ಡ ಬರುತ್ತಿತ್ತು. ನನಗೆ ಬಾವಿ ಕಾಣಲಿಲ್ಲ. ಅಜ್ಜನ ಕೈ ನನ್ನ ಮಣಿಕಟ್ಟಿನ ಮೇಲಿತ್ತು, ಅದು ಬಿಗಿಯಾಯಿತು.

“ಇದೆ ಅಜ್ಜ. ಬಾವಿ ಇದೆ” ಎಂದೆ.

ಅವರು ಹಿಂದಕ್ಕೆ ಒರಗಿ ಕುಳಿತರು. ಮುಂದಿನ ಒಂದೂವರೆ ಗಂಟೆ ಘಟ್ಟದ ಏರಿಳಿತದ ಗಾಳಿಗೆ ವಿಮಾನ ಎತ್ತಿನ ಗಾಡಿಯ ಹಾಗೆ ಕುಲುಕಿತು. ಹಿಂದಿನ ಸಾಲಿನವರು ಕಾಗದದ ಚೀಲ ಹಿಡಿದು ವಾಂತಿ ಮಾಡಿಕೊಂಡರು. ಅಜ್ಜ ಮಾತಾಡಲಿಲ್ಲ.

ಸಾಂತಾಕ್ರೂಜ್‌ನಲ್ಲಿ ಎಲ್ಲರೂ ಇಳಿದ ಮೇಲೆ ಚಿಕ್ಕಪ್ಪ ನಮ್ಮನ್ನು ವಿಮಾನದ ಪಕ್ಕದಲ್ಲೇ ನಿಲ್ಲಿಸಿಕೊಂಡು ಎಂಜಿನ್ ತೋರಿಸಿದರು. ನಕ್ಷತ್ರದ ಹಾಗೆ ಸುತ್ತಲೂ ಸಿಲಿಂಡರುಗಳು, ಒಂದೊಂದು ಎಂಜಿನ್‌ಗೆ 1200 ಕುದುರೆಶಕ್ತಿ. ಯುದ್ಧದ ಕಾಲದಲ್ಲಿ ಸೈನಿಕರನ್ನು ಹೊರಲು ಸಾವಿರಾರು ಕಟ್ಟಿದರು, ಯುದ್ಧ ಮುಗಿದ ಮೇಲೆ ಅವೇ ಊರೂರಿಗೆ ಜನರನ್ನು ಹೊತ್ತವು, ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಎಷ್ಟೋ ಡಕೋಟಾಗಳು ರಿಪೇರಿಯಾಗಿ ಹೊಸ ಜನ್ಮ ಪಡೆದವು ಎಂದು ಚಿಕ್ಕಪ್ಪ ಹೇಳಿದರು. ಅಜ್ಜ ಕೇಳಿದ ಪ್ರಶ್ನೆ ಒಂದೇ: “ಇದು ಯಾರದ್ದು?”

“ಸರ್ಕಾರದ್ದು. 1953ರಲ್ಲಿ ಖಾಸಗಿ ಕಂಪನಿಗಳನ್ನೆಲ್ಲ ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದ್ದಲ್ಲವೇ.”

“ಹಾಗಾದರೆ ನಾನು ಕಟ್ಟಿದ ಕಂದಾಯವೂ ಇದರಲ್ಲಿ ಸೇರಿದೆ.”

ಭೂಕಂದಾಯ ಹೋಗುವುದು ರಾಜ್ಯದ ಬೊಕ್ಕಸಕ್ಕೆ, ವಿಮಾನ ಕೇಂದ್ರದ್ದು ಎಂದು ಚಿಕ್ಕಪ್ಪ ಬಿಡಿಸಿ ಹೇಳಿದರು. ಅಜ್ಜ ಒಪ್ಪಲಿಲ್ಲ. ಬಿಸಿಲಿಗೆ ಕಾದಿದ್ದ ಆ ಲೋಹದ ಮೈಯನ್ನು, ಹಟ್ಟಿಯಲ್ಲಿ ದನದ ಮೈ ಸವರುವಂತೆ, ಅಂಗೈ ಬಿಡಿಸಿ ಸವರಿದರು. ಕಂದಾಯ ನಿರಾಕರಿಸಿ ಜೈಲಿಗೆ ಹೋದ ಅದೇ ಮನುಷ್ಯ 1947ರ ನಂತರ ಒಂದು ಕಂತನ್ನೂ ಒಂದು ದಿನ ತಡಮಾಡಿದವರಲ್ಲ. ಕೊಡದಿರುವುದು ಅವರಿಗೆ ಹಟವಾಗಿರಲಿಲ್ಲ, ದುಡ್ಡು ಉಳಿಸುವ ದಾರಿಯೂ ಆಗಿರಲಿಲ್ಲ. ಯಾರಿಗೆ ಕೊಡುತ್ತಿದ್ದೇನೆ, ಅವರು ನನ್ನ ಮಾತು ಕೇಳುತ್ತಾರೆಯೇ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು ಎಂದು ನಾನು ನಂಬಿದ್ದೇನೆ.

ಆಮೇಲೆ ನನ್ನ ಕೆಲಸದ ಓಡಾಟದಲ್ಲಿ ಹಳೆಯ ವಿಮಾನಗಳನ್ನು ಬಹಳ ಹತ್ತಿದೆ. ಬಜ್ಪೆಯಿಂದ ಬೆಂಗಳೂರಿಗೆ ಆವ್ರೋ. ಕಾನ್ಪುರದಲ್ಲಿ ನಮ್ಮವರೇ ಕಟ್ಟಿದ್ದು ಎಂಬ ಕಾರಣಕ್ಕೆ ಅದರ ಮೇಲೆ ನನಗೆ ಒಂದು ತೂಕ ಹೆಚ್ಚು ಪ್ರೀತಿ. ಗುಡ್ಡದ ನೆತ್ತಿಯ ರನ್‌ವೇಯಿಂದ ಅದು ಮೇಲೇಳುವಾಗ ಅಂಚು ಮುಗಿದು ಕಣಿವೆ ಒಮ್ಮೆಲೇ ತೆರೆದುಕೊಳ್ಳುವ ಗಳಿಗೆಗೆ ಕಾದು ಕೂರುತ್ತಿದ್ದೆ. ಫೋಕರ್ ಫ್ರೆಂಡ್‌ಶಿಪ್‌ನಲ್ಲಿ ರೆಕ್ಕೆ ತಲೆಯ ಮೇಲೆ, ಮೊಟ್ಟೆಯಾಕಾರದ ದೊಡ್ಡ ಕಿಟಕಿ. ಕೆಳಗಿನ ನೆಲಕ್ಕೂ ನಮಗೂ ನಡುವೆ ಯಾವ ಅಡ್ಡಿಯೂ ಇಲ್ಲ. ಇಳಿಯುವ ಹೊತ್ತಿಗೆ ಗಾಲಿ ಹೊರಬರುವುದು ಕಣ್ಣೆದುರೇ ಕಾಣುತ್ತಿತ್ತು. ಆ ವಿಮಾನಗಳು ನಿಧಾನವಾಗಿ, ತಗ್ಗಿನಲ್ಲಿ ಹಾರುತ್ತಿದ್ದವು. ಹೊಳೆಯ ಹೆಸರು ಹೇಳಬಹುದಿತ್ತು, ಗದ್ದೆಯಲ್ಲಿ ಬೆಳೆ ಯಾವ ಹಂತದಲ್ಲಿದೆ ಎಂದು ಹೇಳಬಹುದಿತ್ತು. ಪ್ರತಿ ಸಲ ಕಿಟಕಿಯ ಪಕ್ಕ ಕುಳಿತಾಗ ನನ್ನ ಕಣ್ಣು ತಾನಾಗಿಯೇ ಬಾವಿಗಳನ್ನು ಹುಡುಕುತ್ತಿತ್ತು.

ಮುಂಬಯಿಯಲ್ಲಿ ಆರು ವಾರ ಇದ್ದೆವು. ಬಲಗಣ್ಣಿನ ಪೊರೆ ತೆಗೆದು, ದಪ್ಪ ಗಾಜಿನ ಕನ್ನಡಕ ಕೊಟ್ಟರು. ಅದನ್ನು ಹಾಕಿದಾಗ ಅಜ್ಜನ ಕಣ್ಣು ಹಲಸಿನ ಬೀಜದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೇ ತಿಂಗಳ ಕೊನೆಯಲ್ಲಿ, ಮಳೆಗೆ ಮುಂಚೆ, ಮತ್ತೆ ಡಕೋಟಾದಲ್ಲೇ ಬೆಳಗಾವಿಗೆ ಹೊರಟೆವು. ನನಗೆ ದಾರಿಯುದ್ದಕ್ಕೂ ಹೊಟ್ಟೆಯಲ್ಲಿ ಕಸಿವಿಸಿ. ಅದು ಗಾಳಿಯ ಕುಲುಕಾಟದಿಂದ ಬಂದದ್ದಲ್ಲ. ಅಜ್ಜ ಈಗ ತಾವೇ ನೋಡುತ್ತಾರೆ, ಬಾವಿ ಇಲ್ಲದಿದ್ದರೆ?

ವಿಮಾನ ತಗ್ಗಿತು. ಮೋಡದ ನೆರಳು ನೆಲದ ಮೇಲೆ ಓಡುತ್ತಿತ್ತು. ಅಜ್ಜ ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಗೋಡೆ ಬಂತು. ಅವರು ಬಹಳ ಹೊತ್ತು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ.

“ಗೋಡೆ ಇಷ್ಟು ಗಿಡ್ಡವಾಗಿತ್ತೇ” ಎಂದರು ಮೊದಲು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟು, “ಇದೆ. ಅಲ್ಲೇ ಇದೆ. ನೀನು ಹೇಳಿದ ಹಾಗೆಯೇ” ಎಂದರು. ನಾನು ಅವರ ಬೆರಳಿನ ನೇರಕ್ಕೆ ಬಗ್ಗಿ ನೋಡಿದೆ. ಒಂದು ಮರದ ತಲೆ, ಒಂದು ತಗಡಿನ ಮಾಡು. ಅಷ್ಟೇ ನನಗೆ ಕಂಡದ್ದು. ವಿಮಾನ ವಾಲಿ ತಿರುಗಿತು.

ಮರುವರ್ಷದ ಜನವರಿಯಲ್ಲಿ ಕಂದಾಯದ ಕಂತು ಕಟ್ಟಲು ಅಜ್ಜ ನನ್ನನ್ನೂ ಶ್ಯಾನುಭೋಗರ ಮನೆಗೆ ಕರೆದುಕೊಂಡು ಹೋದರು. ನೋಟುಗಳನ್ನು ಎಣಿಸಿ ಮೇಜಿನ ಮೇಲಿಟ್ಟರು. ಶ್ಯಾನುಭೋಗರು ಪಾವತಿ ಪುಸ್ತಕ ಬಿಡಿಸುತ್ತಾ, ಕಣ್ಣು ಹೇಗಿದೆ ಎಂದು ವಿಚಾರಿಸಿದರು.

“ಚೆನ್ನಾಗಿ ಕಾಣುತ್ತದೆ. ವಿಮಾನದಿಂದ ಹಿಂಡಲಗಾ ನೋಡಿ ಬಂದೆ. ನಾವು ನೀರು ಸೇದುತ್ತಿದ್ದ ಬಾವಿ ಹಾಗೆಯೇ ಇದೆ” ಎಂದರು ಅಜ್ಜ. ನನ್ನ ಕಡೆಗೆ ತಿರುಗಿ, “ಇವನೂ ನೋಡಿದ್ದಾನೆ” ಎಂದರು.

ಶ್ಯಾನುಭೋಗರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.