ಅಮ್ಮನ ಕಣ್ಣು ತೋರಿಸಲು ಹೊರಟ ದಿನ

ಆಟಿ ತಿಂಗಳ ಮಳೆ ಸ್ವಲ್ಪ ಹೊಳವಾಗಿತ್ತು. ಅಮ್ಮನ ಕಣ್ಣು ತೋರಿಸಲು ಮಂಗಳೂರಿಗೆ ಹೊರಟಿದ್ದೆವು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಮತ್ತು ಉಪ್ಪಳದ ನಡುವೆ, ಹೆದ್ದಾರಿಯ ಪೂರ್ವಕ್ಕೆ ನಮ್ಮ ಮನೆ. ಮಂಗಳೂರು ಬಸ್ಸು ನಿಲ್ಲುವುದು ಪಶ್ಚಿಮದ ಸರ್ವಿಸ್ ರಸ್ತೆಯಲ್ಲಿ. ಮೊದಲಾದರೆ ಆಚೆ ಈಚೆ ನೋಡಿ ನಾಲ್ಕು ಹೆಜ್ಜೆ ಹಾಕಿದರೆ ಮುಗಿಯುತ್ತಿತ್ತು. ಈಗ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ರಸ್ತೆ. ದಾಟಲು ಅಂಡರ್‌ಪಾಸ್‌ವರೆಗೆ ನಡೆಯಬೇಕು.

ಅಂಡರ್‌ಪಾಸಿನಲ್ಲಿ ಕೆಸರು ನೀರು ನಿಂತಿತ್ತು. ಅಮ್ಮ ಸೀರೆ ಎತ್ತಿ ಹಿಡಿದು ಗೋಡೆ ಬದಿಯಲ್ಲೇ ಬರುತ್ತಿದ್ದರು. ಹಿಂದಿನಿಂದ ಬಂದ ಕಾರು ಹಾರ್ನ್ ಹಾಕಿತೇ ಹೊರತು ವೇಗ ತಗ್ಗಿಸಲಿಲ್ಲ. ಅಮ್ಮನ ಸೀರೆ ಸೊಂಟದವರೆಗೆ ಕೆಂಪು ಮಣ್ಣಾಯಿತು. ನನಗೆ ಸಿಟ್ಟು ನೆತ್ತಿಗೇರಿತು.

"ಎಂತದು ಮಗಾ, ಡಾಕ್ಟ್ರು ಕಣ್ಣು ನೋಡುವುದಾ, ಸೀರೆ ನೋಡುವುದಾ?" ಅಂದರು ಅಮ್ಮ.

ಸರ್ವಿಸ್ ರಸ್ತೆ ದಾಟುವಾಗ ಇಬ್ಬರೂ ಕಾಸರಗೋಡು ಕಡೆ ನೋಡಿದೆವು. ವಾಹನ ಬರಬೇಕಾದದ್ದು ಅಲ್ಲಿಂದ. ಉಪ್ಪಳ ಕಡೆಯಿಂದ ರಾಂಗ್ ಸೈಡಿನಲ್ಲಿ ಸ್ಕೂಟರ್ ಬಂತು, ಮೇಲೆ ಮೂರು ಜನ. ಅಮ್ಮನ ಕೈ ಹಿಡಿದು ಎಳೆದೆ. ಸ್ಕೂಟರಿನವನು ನಮಗೇ ಬೈದು ಹೋದ! ತಿರುಗಿ ಬೈಯೋಣ ಅಂದರೆ ಬಾಯಿ ಪೂರ್ತಿ ಏಳಲಿಲ್ಲ. ಸರಿಯಾದ ದಾರಿಯಲ್ಲಿ ಹೋಗಬೇಕಾದರೆ ಮುಂದಿನ ಅಂಡರ್‌ಪಾಸ್ ಸುತ್ತಿ ಬರಬೇಕು. ಸುತ್ತು ತಪ್ಪಿಸಲು ರಾತ್ರಿ ಹೊತ್ತು ನಾನೂ ಒಂದೆರಡು ಸಲ ಹಾಗೆ ಬಂದವನೇ.

ಬಸ್ ತಂಗುದಾಣದ ಒಳಗೆ ಎರಡು ಬೈಕು ಬೆಚ್ಚಗೆ ನಿಂತಿದ್ದವು. ಜನ ಹೊರಗೆ ಕೊಡೆ ಹಿಡಿದು ನಿಂತಿದ್ದರು. ಹಿಂದುಗಡೆ ಪ್ಲಾಸ್ಟಿಕ್ ಚೀಲಗಳ ರಾಶಿ. ಕೋಳಿ ಪುಕ್ಕ, ಡೈಪರ್, ಕೊಳೆತ ಮೀನು. ಅದರ ಮೇಲೆಯೇ ಮಲಯಾಳದಲ್ಲಿ ಒಂದು ಬೋರ್ಡು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಓದಲು ಬಾರದು. ಕಸ ಹಾಕಬೇಡಿ ಅಂತಲೇ ಇರಬೇಕು, ಇನ್ನೇನು ಬರೆಯುತ್ತಾರೆ? ಬೋರ್ಡು ಓದಲು ಬಾರದ ನಾನು ಕಸ ಹಾಕುವುದಿಲ್ಲ. ಓದಲು ಬರುವವರು ತಂದು ಸುರಿಯುತ್ತಾರೆ.

ಪಂಚಾಯತಿಗಾಗಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಮನೆಗೇ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ತಿಂಗಳಿಗೆ 50 ರೂಪಾಯಿ. ಅದನ್ನು ಉಳಿಸಲು ಪೆಟ್ರೋಲ್ ಸುಟ್ಟು ಇಲ್ಲಿಯವರೆಗೆ ಬರುವವರ ಲೆಕ್ಕಾಚಾರ ನನಗೆ ಈಗಲೂ ಅರ್ಥವಾಗಿಲ್ಲ.

ಹಾಗೆ ಯೋಚಿಸುತ್ತಿರುವಾಗಲೇ ಒಂದು ಬಿಳಿ ಕಾರು ನಿಧಾನವಾಯಿತು. ಗಾಜು ಇಳಿಯಿತು. ಗಂಟು ಕಟ್ಟಿದ ಚೀಲವೊಂದು ಹೊರಗೆ ಬಿತ್ತು.

"ಓ ಅಣ್ಣಾ, ನಿಮ್ಮ ಚೀಲ ಬಿತ್ತು!" ಅಮ್ಮ ಕೂಗಿದರು. ಅಷ್ಟು ದೊಡ್ಡ ಸ್ವರ ಅವರಿಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ತಿರುಗಿ ನೋಡಿದರು. "ನಿಲ್ಲಿಸಿ, ನಿಲ್ಲಿಸಿ, ಚೀಲ ಬಿಟ್ಟು ಹೋಗ್ತಾ ಇದ್ದೀರಿ!"

ಕಾರಿನವನು ಒಮ್ಮೆ ನೋಡಿದ. ಇಳಿದ. ಯಾರ ಮುಖವನ್ನೂ ನೋಡದೆ ಚೀಲ ಎತ್ತಿಕೊಂಡು ಹೋದ. ಮುಂದಿನ ಸ್ಟಾಪಿನಲ್ಲಿ ಎಸೆದಿರಬಹುದು, ಅದು ಬೇರೆ ಮಾತು.

ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅಮ್ಮ, ಚೀಲ ತಪ್ಪಿ ಬಿದ್ದದ್ದು ಅಂತ ನಿಜವಾಗಿ ಅಂದುಕೊಂಡಿರಾ?"

"ಕಣ್ಣಲ್ಲಿ ಪೊರೆ ಅಂತ ಡಾಕ್ಟ್ರೇ ಹೇಳಿದ್ದಲ್ವಾ" ಅಂದರು ಅಮ್ಮ, ಕಿಟಕಿಯ ಕಡೆ ತಿರುಗಿ ಕುಳಿತರು.