‘ಇದೆಲ್ಲ ಮೊದಲೇ ನಡೆದಿತ್ತಲ್ಲ’ ಎನಿಸುವುದು ಪೂರ್ವಜನ್ಮದ ನೆನಪೇ?

ನಾನು ಮನಶ್ಶಾಸ್ತ್ರ ಕಲಿಸುವವನೆಂದು ತಿಳಿದ ಕೂಡಲೇ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಕೇಳುವ ಪ್ರಶ್ನೆಗಳು ಎರಡು. ಮಗನಿಗೆ ಓದಿನಲ್ಲಿ ಮನಸ್ಸು ನಿಲ್ಲುವಂತೆ ಏನು ಮಾಡಬೇಕು ಎಂಬುದು ಮೊದಲನೆಯದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಎರಡನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: “ಸರ್, ಒಂದೊಂದು ಸಲ ಇದೇ ಜಾಗ, ಇದೇ ಜನ, ಇದೇ ಮಾತು, ಎಲ್ಲ ಹಿಂದೊಮ್ಮೆ ನಡೆದ ಹಾಗೆ ಅನ್ನಿಸತ್ತಲ್ಲ, ಅದು ಪೂರ್ವಜನ್ಮದ್ದಾ?”

ಅಲ್ಲ ಎಂಬುದೇ ನನ್ನ ಉತ್ತರ. ಕೈಯಲ್ಲಿರುವ ಮೊಬೈಲಿನ ಸಮೇತ ಆ ಗಳಿಗೆ ಮರುಕಳಿಸಿದಂತೆ ಭಾಸವಾಗುತ್ತದೆಯಲ್ಲ, ಹಿಂದಿನ ಜನ್ಮದಲ್ಲಿ ಮೊಬೈಲ್ ಎಲ್ಲಿತ್ತು? ಆದರೆ ಹೀಗೆ ನಕ್ಕು ತಳ್ಳಿಹಾಕುವಷ್ಟು ಹಗುರವಾದ ಅನುಭವ ಅದಲ್ಲವೆಂಬುದು ನನಗೂ ಗೊತ್ತು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಗೆಳೆಯನೊಬ್ಬನ ಜೊತೆ ತೀರ್ಥಹಳ್ಳಿ ಕಡೆಯ ತೊಟ್ಟಿಮನೆಯೊಂದಕ್ಕೆ ಮೊದಲ ಬಾರಿಗೆ ಹೋಗಿದ್ದೆ. ಜಗಲಿ ದಾಟಿ, ತಲೆ ಬಗ್ಗಿಸಿ ಬಾಗಿಲು ಹೊಕ್ಕು, ತೊಟ್ಟಿಯ ಪಕ್ಕದ ಕಂಬಕ್ಕೆ ಕೈಯಾನಿಸಿ ನಿಂತಾಗ ಆ ಮನೆಯ ಅಜ್ಜಿ ಚೊಂಬಿನಲ್ಲಿ ನೀರನ್ನೂ ತಟ್ಟೆಯಲ್ಲಿ ಬೆಲ್ಲವನ್ನೂ ತಂದಿಟ್ಟರು. ಆ ಚೊಂಬು ನೆಲಕ್ಕೆ ತಾಗಿದ ಸದ್ದಿನೊಂದಿಗೆ, ಇದೆಲ್ಲ ನನಗೆ ಆಗಿಹೋದದ್ದು ಎಂಬ ಭಾವ ಮೈತುಂಬ ಹರಡಿತು. ಇನ್ನೇನು ಅಟ್ಟದ ಮೆಟ್ಟಿಲಿಳಿದು ಯಾರೋ ಬರುತ್ತಾರೆ ಎಂಬುದೂ ನನಗೆ ಖಚಿತವಾಗಿತ್ತು. ಯಾರೂ ಬರಲಿಲ್ಲ. ಕೆಲವೇ ಕ್ಷಣಗಳಲ್ಲಿ ಎಲ್ಲ ಇಳಿದುಹೋಗಿ, ಬೆಲ್ಲ ಬರಿಯ ಬೆಲ್ಲವಾಯಿತು.

ಇದಕ್ಕೆ ಫ್ರೆಂಚರ ಮಾತಾದ ‘ಡೇಜಾ ವೂ’, ಅಂದರೆ ‘ಈಗಾಗಲೇ ಕಂಡದ್ದು’, ಎಂಬ ಹೆಸರು ನಿಂತಿದೆ. ತತ್ತ್ವಜ್ಞಾನಿ ಎಮೀಲ್ ಬುವಾರಾಕ್ 1876ರಲ್ಲೇ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ ಈ ಮಾತನ್ನು ಬಳಸಿದ್ದ. ಹೆಸರಿಗಿಂತ ಮುಖ್ಯವಾದದ್ದು, ನಾವು ‘ನೆನಪು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದರೊಳಗೆ ಎರಡು ಕೆಲಸಗಳಿವೆ ಎಂಬುದು. ಪರಿಚಯದ ಭಾವ ಒಂದು. ಎಲ್ಲಿ, ಯಾವಾಗ, ಯಾರ ಜೊತೆ ಎಂಬ ವಿವರಗಳನ್ನು ಎತ್ತಿಕೊಡುವುದು ಇನ್ನೊಂದು. ಔಷಧಿ ಅಂಗಡಿಯ ಕಟ್ಟೆಯ ಹಿಂದೆ ದಿನವೂ ಕಾಣುವ ಮನುಷ್ಯ ಪಂಚೆ ಶಲ್ಯದಲ್ಲಿ ಮದುವೆಗೆ ಬಂದರೆ, ‘ಇವರನ್ನು ಎಲ್ಲೋ ನೋಡಿದ್ದೇನೆ’ ಎಂಬುದಷ್ಟೇ ಹೊಳೆದು, ಉಳಿದದ್ದು ಹೊಳೆಯದೆ ಊಟ ಮುಗಿಯುವವರೆಗೂ ಒದ್ದಾಡುತ್ತೇವೆ. ಅಲ್ಲಿ ಮೊದಲ ಕೆಲಸ ನಡೆದಿದೆ, ಎರಡನೆಯದು ನಡೆದಿಲ್ಲ. ಮುಖದ ಬದಲು ಇಡೀ ಸನ್ನಿವೇಶಕ್ಕೇ ಹೀಗಾದಾಗ, ಅದರ ಜೊತೆಗೆ ‘ನಾನು ಇಲ್ಲಿಗೆ ಬಂದೇ ಇಲ್ಲ’ ಎಂಬ ಅರಿವೂ ಎಚ್ಚರವಾಗಿದ್ದಾಗ, ಆ ವಿಚಿತ್ರ ಭಾವ ಹುಟ್ಟುತ್ತದೆ.

ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಆ್ಯನ್ ಕ್ಲಿಯರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮೆಚ್ಚಿಕೆಯಾದದ್ದು. ಕಂಪ್ಯೂಟರಿನಲ್ಲಿ ಕಟ್ಟಿದ ತೋಟವೊಂದರಲ್ಲಿ ಗಿಡಗಳ ಬೇಲಿ ಇದ್ದ ಕಡೆಗಳಲ್ಲೆಲ್ಲ ಗುಜರಿ ರಾಶಿ ಇಟ್ಟರೆ ಅದೇ ವಿನ್ಯಾಸದ ಗುಜರಿ ಅಂಗಳವಾಗುತ್ತದೆ. ಇಂಥ ಜೋಡಿಯಲ್ಲಿ ಮೊದಲು ಕಂಡ ದೃಶ್ಯ ನೆನಪಿಗೆ ಬಾರದೆ ಹೋದಾಗಲೂ, ಅದೇ ವಿನ್ಯಾಸದ ಎರಡನೆಯ ದೃಶ್ಯದಲ್ಲಿ ಈ ಭಾವ ಹೆಚ್ಚಾಗಿ ಮೂಡಿತು. ಮುಂದಿನ ತಿರುವು ಯಾವ ಕಡೆಗೆಂದು ತಮಗೆ ಗೊತ್ತು ಎಂದವರು ಊಹೆಯ ಮಟ್ಟಕ್ಕಿಂತ ಹೆಚ್ಚು ಸರಿ ಹೇಳಲಿಲ್ಲವೆಂಬುದು 2018ರ ಪ್ರಯೋಗದಲ್ಲಿ ಕಂಡಿತು. ನನ್ನ ಅಟ್ಟದ ಮೆಟ್ಟಿಲಿನ ಕಥೆಯೂ ಅಷ್ಟೇ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಹೋಗುತ್ತಿದ್ದ ಅತ್ತೆಯ ಮನೆಯೂ ತೊಟ್ಟಿಮನೆಯೇ. ಅಲ್ಲಿಯೂ ಬಾಗಿಲು, ಕಂಬ, ಅಡುಗೆಮನೆ ಹೆಚ್ಚುಕಡಿಮೆ ಅದೇ ಕ್ರಮದಲ್ಲಿದ್ದವು ಎಂಬುದು ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಹೊಳೆಯಿತು. ಎಲ್ಲ ಸಲವೂ ಕಾರಣ ಇದೊಂದೇ ಎಂದು ನಾನು ಹೇಳಲಾರೆ.

ಜನ್ಮಾಂತರದ ಪಕ್ಷ ವಹಿಸುವವರು ಶಾಕುಂತಲದ ಐದನೆಯ ಅಂಕವನ್ನು ಮುಂದಿಡುತ್ತಾರೆ. ಹಂಸಪದಿಕೆಯ ಹಾಡು ಕೇಳಿ ಕಾರಣವಿಲ್ಲದೆ ತಳಮಳಗೊಂಡ ದುಷ್ಯಂತ, ಮನಸ್ಸಿನಲ್ಲಿ ನೆಲೆಗೊಂಡ ಹಿಂದಿನ ಜನ್ಮದ ಸ್ನೇಹಗಳು ಹೀಗೆ ಕಾಡುತ್ತವೆ ಎಂದುಕೊಳ್ಳುತ್ತಾನೆ. ಸರಿ, ಆದರೆ ಅವನು ಮರೆತದ್ದು ಯಾರನ್ನು? ದೂರ್ವಾಸರ ಶಾಪದಿಂದ ವಿವರವೆಲ್ಲ ಅಳಿಸಿಹೋಗಿದೆ, ಭಾವ ಮಾತ್ರ ಉಳಿದಿದೆ, ಶಕುಂತಲೆ ಈ ಜನ್ಮದವಳೇ. ರಾಜ ಜನ್ಮಾಂತರದ ಮಾತಾಡುವಾಗ ಪ್ರೇಕ್ಷಕರಿಗೆ ನಿಜ ಗೊತ್ತಿರುವಂತೆ ಕಾಳಿದಾಸ ಕಟ್ಟಿದ್ದಾನೆ.

ಸಮೀಕ್ಷೆಗಳ ಪ್ರಕಾರ ಸುಮಾರು ಮೂರರಲ್ಲಿ ಎರಡು ಭಾಗ ಜನರಿಗೆ ಒಮ್ಮೆಯಾದರೂ ಹೀಗಾಗಿರುತ್ತದೆ. ಹರೆಯದಲ್ಲಿ ಹೆಚ್ಚು, ವಯಸ್ಸಾದಂತೆ ಕಡಿಮೆ, ದಣಿದಾಗ ಹೆಚ್ಚು. ಆದುದರಿಂದ ಕೇಳಿದವರಿಗೆಲ್ಲ ಹೆದರಬೇಡಿ ಎನ್ನುತ್ತೇನೆ, ಒಂದು ಬಗೆಯವರನ್ನು ಬಿಟ್ಟು. ಇಂಗ್ಲೆಂಡಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದಂತೆ, ಕಿವಿಯ ಮೇಲ್ಭಾಗದ ಒಳಗಿರುವ ಮಿದುಳಿನ ಪಾಲಿನಲ್ಲಿ ಹುಟ್ಟುವ ಅಪಸ್ಮಾರವೂ ಇದೇ ಭಾವದಿಂದ ಆರಂಭವಾಗಬಹುದು. ವಾರಕ್ಕೆ ಹಲವು ಬಾರಿ ಒಂದೇ ರೀತಿಯಲ್ಲಿ ಬರುತ್ತಿದ್ದರೆ, ಹೊಟ್ಟೆಯಿಂದ ಏನೋ ಮೇಲೇರಿ ಬಂದಂತಾಗುತ್ತಿದ್ದರೆ, ಆ ಹೊತ್ತಿನಲ್ಲಿ ಕರೆದರೂ ಓಗೊಡದೆ ಬಾಯಿ ಚಪ್ಪರಿಸುತ್ತಿದ್ದರೆಂದು ಮನೆಯವರು ಹೇಳಿದರೆ, ನಾನು ಜನ್ಮಾಂತರದ ವಾದಕ್ಕೆ ಇಳಿಯುವುದಿಲ್ಲ. ಊಟ ಮುಗಿದ ಮೇಲೆ ಅವರನ್ನು ಬದಿಗೆ ಕರೆದು, ನರರೋಗ ತಜ್ಞರನ್ನು ಕಾಣಿ, ಜೊತೆಗೆ ಅದನ್ನು ಕಣ್ಣಾರೆ ನೋಡಿದ ಒಬ್ಬರನ್ನು ಕರೆದುಕೊಂಡು ಹೋಗಿ ಎನ್ನುತ್ತೇನೆ.